ಐದನೆಯ ಫಿಲ್ಮಿನ ಹದಿನೈದು ಚೌಕಗಳು

ಪುಣೆಯ ನಮ್ಮ ಪ್ರಯೋಗಾಲಯಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ನನ್ನನ್ನು ಕಂಡಾಗ ಕೇಳುವ ಪ್ರಶ್ನೆ ಒಂದೇ: "ಮೇಡಂ, ಇಷ್ಟು ವರ್ಷ ಒಂದೇ ಕೆಲಸ ಹೇಗೆ ಮಾಡಿದಿರಿ?" ಪ್ರಶ್ನೆಯಲ್ಲೇ ತಪ್ಪಿದೆ, ಅದನ್ನು ಮೊದಲು ತಿದ್ದುತ್ತೇನೆ. ನಾನು ಮಾಡಿದ್ದು ಒಂದು ಕೆಲಸವಲ್ಲ, ಎರಡು. ನೇಮಕದ ಕಾಗದದಲ್ಲಿ ಬರೆದಿದ್ದದ್ದು, ಕಡುಶೀತದಲ್ಲಿ ತೆಳು ಲೋಹಪದರಗಳ ವಿದ್ಯುತ್ ರೋಧವನ್ನು ಅಳೆಯುವುದು. ಬರೆಯದೇ ಇದ್ದದ್ದು, ಅಳೆದಾದ ಮೇಲೆ ಎದ್ದು ನಿಂತು ಅದು ಸುಳ್ಳು ಎಂದು ವಾದಿಸುವುದು. ಮೊದಲನೆಯದನ್ನು ಯಾರು ಬೇಕಾದರೂ ಕಲಿಯಬಹುದು. ಎರಡನೆಯದಕ್ಕಾಗಿಯೇ ನನ್ನನ್ನು ತೆಗೆದುಕೊಂಡರು ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಧಾರವಾಡದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ನಾನು ಯಾವಾಗಲೂ ವಿಷಯದ ವಿರುದ್ಧ ಮಾತಾಡುತ್ತಿದ್ದವಳು. ಪರವಾಗಿ ಮಾತಾಡುವವರಿಗೆ ನೂರು ಕಂಬ ನೆಡಬೇಕು. ವಿರುದ್ಧ ಇರುವವರಿಗೆ ಒಂದು ಕಂಬ ಅಲುಗಾಡಿಸಿದರೆ ಸಾಕು. ಇದು ಸೋಮಾರಿಗಳ ಪಕ್ಷ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಯಾವ ಕಂಬ ಅಲುಗಾಡುತ್ತದೆ ಎಂದು ಗೊತ್ತಾಗಬೇಕಾದರೆ ನೂರನ್ನೂ ಮುಟ್ಟಿ ನೋಡಬೇಕು.

ಪುಣೆಯಲ್ಲಿ ಸಂದರ್ಶನಕ್ಕೆ ಹೋದಾಗ ಮೇಜಿನ ಆಚೆ ಕೂತಿದ್ದವರು ಇನಾಮದಾರ ಸರ್. ಬೆಳಗಾವಿ ಕಡೆಯವರು, ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ಸಿಟ್ಟು ಬಂದರೆ ಎರಡೂ. ನನ್ನ ಅರ್ಜಿಯಲ್ಲಿದ್ದ ಬಹುಮಾನಗಳ ಪಟ್ಟಿಯನ್ನು ಓದಿ ಕನ್ನಡಕ ಹಣೆಗೇರಿಸಿದರು.

"ಏನವಾ, ಭಾಷಣ ಮಾಡೂದು ಬರ್ತದ. ಬೆಸುಗಿ ಹಾಕೂದು ಬರ್ತದೇನು?"

"ಬರೂದಿಲ್ರಿ. ಆದ್ರ ನೀವು ಹಾಕಿದ ಬೆಸುಗಿ ಯಾಕ ಬಿಟ್ಟದ ಅಂತ ಹೇಳಲಿಕ್ಕೆ ಬರ್ತದ."

"ಹೇಳು ನೋಡೂಣು," ಎಂದು ಮೇಜಿನ ಮೇಲಿದ್ದ ಒಂದು ತಂತಿಯ ತುಂಡನ್ನು ಮುಂದೆ ತಳ್ಳಿದರು. ನನಗೆ ಏನೂ ಗೊತ್ತಿರಲಿಲ್ಲ. ಆದರೂ ಐದು ನಿಮಿಷ ವಾದಿಸಿದೆ. ಅವರು ಪೂರ್ತಿ ಕೇಳಿ, "ನೀ ಹೇಳಿದ್ದು ಎಲ್ಲಾ ತಪ್ಪು. ಸೋಮವಾರ ಬಾ," ಎಂದರು.

ಈಗ ಕೆಲಸದ ವಿಷಯ. ಕೆಲವು ಲೋಹಗಳನ್ನು ಬಹಳ ತಣ್ಣಗೆ ಮಾಡಿದರೆ, ಒಂದು ನಿರ್ದಿಷ್ಟ ತಾಪಮಾನದಲ್ಲಿ ಅವುಗಳ ರೋಧ ಪೂರ್ತಿ ಹೋಗಿಬಿಡುತ್ತದೆ. ಇದು ಅತಿವಾಹಕತೆ; ಆ ತಾಪಮಾನಕ್ಕೆ ಸಂಕ್ರಮಣದ ತಾಪಮಾನ ಎನ್ನುತ್ತೇವೆ. ನಮ್ಮವು ಲೋಹದ ತುಂಡುಗಳಲ್ಲ, ಗಾಜಿನಂಥ ತಳದ ಮೇಲೆ ಕೂರಿಸಿದ ಫಿಲ್ಮುಗಳು. ಕೂದಲಿನ ದಪ್ಪವನ್ನು ಹತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ದಪ್ಪ. ಅದಕ್ಕೆ ನಾಲ್ಕು ತಂತಿ ಅಂಟಿಸಿ, ಉದ್ದನೆಯ ಕೋಲಿನ ತುದಿಗೆ ಕಟ್ಟಿ, ದ್ರವ ಹೀಲಿಯಮ್ ತುಂಬಿದ ಪಾತ್ರೆಯ ಕತ್ತಿನೊಳಗೆ ಮೆಲ್ಲಗೆ ಇಳಿಸಬೇಕು. ಕೋಲು ಎಷ್ಟು ಕೆಳಗೆ ಹೋದರೆ ಅಷ್ಟು ತಂಪು. ಎರಡು ತಂತಿಯಲ್ಲಿ ವಿದ್ಯುತ್ತು ಹರಿಸಿ, ಉಳಿದೆರಡರಲ್ಲಿ ವೋಲ್ಟೇಜ್ ನೋಡಬೇಕು. ಇಷ್ಟೇ.

ಇಷ್ಟೇ ಎಂದು ನಾನೂ ತಿಳಿದಿದ್ದೆ. ಮೊದಲ ಸಲ ಕೋಲು ಇಳಿಸಿದಾಗ, ಏಳು ಕೆಲ್ವಿನ್ನಿನ ಹತ್ತಿರ, ಎಂದರೆ ನೀರು ಹೆಪ್ಪುಗಟ್ಟುವುದಕ್ಕಿಂತ ಇನ್ನೂರ ಅರವತ್ತಾರು ಡಿಗ್ರಿ ಕೆಳಗೆ, ಮೀಟರಿನ ಸೂಜಿ ತಟಕ್ಕನೆ ಬಿದ್ದು ಸೊನ್ನೆಯ ಮೇಲೆ ಮಲಗಿತು. ನನ್ನ ಮೊದಲ ಯೋಚನೆ: ತಂತಿ ಕೂಡಿಕೊಂಡಿದೆ. ಮೇಲೆತ್ತಿದೆ, ಸೂಜಿ ಎದ್ದಿತು. ಇಳಿಸಿದೆ, ಬಿತ್ತು. ವಿದ್ಯುತ್ತಿನ ದಿಕ್ಕು ತಿರುಗಿಸಿದೆ, ತಂತಿ ಬದಲಿಸಿದೆ, ಮೀಟರು ಬದಲಿಸಿದೆ. ಮತ್ತೆ ಎತ್ತಿದೆ, ಮತ್ತೆ ಇಳಿಸಿದೆ. ಇನಾಮದಾರ ಸರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಏನs ಸುಧಾ, ಬಾವಿಗೆ ಕೊಡಾ ಬಿಟ್ಟಂಗ ಬಿಡ್ಲಿಕ್ಕತ್ತೀ?"

"ಸರ್, ಇದು ಕಡಿಮಿ ಆಗೂದಿಲ್ರಿ. ಇಲ್ಲಾs ಆಗ್ತದ!"

"ಹೌದವಾ. ನಮಗೂ ಹಂಗs ಅನಿಸಿತ್ತು," ಎಂದು ಹೊರಟುಹೋದರು.

ಜಗತ್ತಿನಲ್ಲಿ ನಾವು ಸೊನ್ನೆ ಎನ್ನುವ ಬಹುತೇಕ ಎಲ್ಲವೂ 'ಬಹಳ ಕಡಿಮೆ' ಎಂಬುದರ ಸೌಜನ್ಯದ ಹೆಸರು. ಇದು ಹಾಗಲ್ಲ. ಅಂದು ಊಟದ ಡಬ್ಬಿ ಬಿಚ್ಚಲು ಮರೆತೆ. ಹೀಲಿಯಮ್ ಘಟಕ ನೋಡಿಕೊಳ್ಳುತ್ತಿದ್ದ ಭೋರ್ ಕಡೆಯ ಶಿಂದೆ ಮಾಮಾ ಬಂದು, ಆವಿಯಾಗಿ ಹೋಗುತ್ತಿದ್ದ ಅನಿಲವನ್ನು ಮರಳಿ ಹಿಡಿಯುವ ಕೊಳವೆಯನ್ನು ನಾನು ಜೋಡಿಸಿಯೇ ಇಲ್ಲ ಎಂದು ಮರಾಠಿಯಲ್ಲಿ ಚೆನ್ನಾಗಿ ಬೈದರು. ಆ ಬೈಗುಳವೂ ನನಗೆ ಸರಿಯಾಗಿ ಕೇಳಿಸಲಿಲ್ಲ.

ಮೊದಲ ದೊಡ್ಡ ತಪ್ಪು ಅದೇ ವರ್ಷದ್ದು. ಒಬ್ಬ ವಿದ್ಯಾರ್ಥಿಯ ಫಿಲ್ಮು ಅಳೆಯುವಾಗ ಸೂಜಿ ನಡುಗುತ್ತಿತ್ತು. ನಡುಕ ನಿಲ್ಲಲಿ ಎಂದು ವಿದ್ಯುತ್ತನ್ನು ಹತ್ತು ಪಟ್ಟು ಏರಿಸಿದೆ. ಅಚ್ಚುಕಟ್ಟಾದ ಗೆರೆ ಬಂತು. ಆದರೆ ಕಡಿದಾಗಿ ಬೀಳಬೇಕಾದದ್ದು ಮರಡಿಯ ಇಳಿಜಾರಿನಂತೆ ಇಳಿಯಿತು. ಆ ಫಿಲ್ಮು ಕೆಟ್ಟದ್ದು ಎಂದು ಹದಿನೈದು ನಿಮಿಷ ಸಾಧಿಸಿ, ಆ ಪಾಪದ ಹುಡುಗನ ಮುಖ ಬಾಡಿಸಿದೆ. ಕೊನೆಗೆ ಸರ್ ಒಂದೇ ಮಾತು ಕೇಳಿದರು: "ಕರೆಂಟ್ ಎಷ್ಟಿತ್ತು?" ಫಿಲ್ಮನ್ನು ಕಾಯಿಸಿದ್ದು ನನ್ನ ವಿದ್ಯುತ್ತೇ. "ಮೊದಲನೇ ಸಂಶಯ ತನ್ನ ಕೈ ಮ್ಯಾಲೆ ಇರಬೇಕು," ಎಂದರು. ತಲೆಯಾಡಿಸಿದೆ. ಕಲಿತೆ ಎಂದುಕೊಂಡೆ. ಕಲಿತಿರಲಿಲ್ಲ ಎಂಬುದಕ್ಕೇ ಈ ಬರಹ.

ಸರ್ ಎರಡು ರೂಢಿ ಹಾಕಿಕೊಟ್ಟಿದ್ದರು. ಒಂದು: ಫಿಲ್ಮು ಮಾಡಿದವರು ಅದನ್ನು ಅಳೆಯಬಾರದು. ಮಾಡಿದವರಿಗೆ ಇಂಥದೇ ಉತ್ತರ ಬರಲಿ ಎಂಬ ಆಸೆ ಇರುತ್ತದೆ. ಆಸೆ ಇದ್ದಲ್ಲಿ ಕಣ್ಣು ಜಾರುತ್ತದೆ. ಅಳೆಯುವವರಿಗೆ ಫಿಲ್ಮಿನ ದಪ್ಪವೂ ಗೊತ್ತಾಗಬಾರದು. ಡಬ್ಬಿಯ ಮೇಲೆ ಅಂಕಿ ಬರೆದರೆ ಕ್ರಮ ತಿಳಿದುಬಿಡುತ್ತದೆ ಎಂದು ಅಂಕಿ ನಿಷೇಧ; ಹೆಸರು ಬರೆಯಬೇಕು. ಹೀಗಾಗಿ ನಮ್ಮಲ್ಲಿ ತರಕಾರಿ ಹೆಸರಿನ ಫಿಲ್ಮುಗಳಿದ್ದವು, ನದಿಗಳ ಹೆಸರಿನವಿದ್ದವು, ಒಬ್ಬ ಮಹಾಶಯ ತನ್ನ ಸೋದರತ್ತೆಯರ ಹೆಸರಿಟ್ಟಿದ್ದ.

ಎರಡನೆಯ ರೂಢಿ ಶನಿವಾರದ ಕಟಕಟೆ. ಯಾವ ಫಲಿತಾಂಶವೂ ಹೊರಗೆ ಹೋಗುವ ಮುಂಚೆ ಶನಿವಾರ ಹತ್ತು ಗಂಟೆಗೆ ಎಲ್ಲರ ಮುಂದೆ ನಿಲ್ಲಬೇಕು. ಒಬ್ಬರು ಅದರ ವಿರುದ್ಧ ವಾದಿಸಬೇಕು. ಕೊನೆಗೆ ಒಂದು ರಜಿಸ್ಟರಿನಲ್ಲಿ ಆ ವಿರೋಧಿಯೇ ತನ್ನ ಕೈಯಾರೆ ಬರೆಯಬೇಕು: ಆಕ್ಷೇಪಣೆ ಇದೆ, ಅಥವಾ ಇಲ್ಲ. 'ಇದೆ' ಎಂದು ಬರೆದದ್ದಕ್ಕೆ ಸರ್ ಸಹಿ ಹಾಕುತ್ತಿರಲಿಲ್ಲ. ಆ ಕುರ್ಚಿ ಹೆಚ್ಚುಕಡಿಮೆ ನನ್ನದೇ ಆಗಿಹೋಯಿತು. ಹುಡುಗರು ನನಗೆ 'ಅಡ್ಡಗೋಡಿ ಅಕ್ಕಾರು' ಎಂದು ಹೆಸರಿಟ್ಟಿದ್ದು ಗೊತ್ತಿತ್ತು. ಅದನ್ನು ಪ್ರಶಸ್ತಿಯಂತೆ ಇಟ್ಟುಕೊಂಡಿದ್ದೆ.

ನೀಲಾ ಬಂದದ್ದು ನನ್ನ ನಿವೃತ್ತಿಗೆ ಏಳೆಂಟು ವರ್ಷ ಇರುವಾಗ. ಗದಗಿನ ಹುಡುಗಿ, ಮಾತು ಕಡಿಮೆ, ಕೈ ಅಚ್ಚುಕಟ್ಟು. ಮೊಲಿಬ್ಡಿನಮ್ ಮತ್ತು ಜರ್ಮೇನಿಯಮ್ ಬೆರೆಸಿದ ಫಿಲ್ಮುಗಳನ್ನು ಮಾಡುತ್ತಿದ್ದಳು. ನಾಲ್ಕು ಫಿಲ್ಮು, ನಾಲ್ಕು ದಪ್ಪ. ಡಬ್ಬಿಗಳ ಮೇಲೆ ಅಗಸಿ, ಶೇಂಗಾ, ಗುರೆಳ್ಳು, ಕೊಬ್ಬರಿ. "ಅವ್ವ ಕಳಿಸಿದ್ದ ಚಟ್ನಿಪುಡಿ ಮುಗಿಯೂದ್ರಾಗ ನನ್ನ ಕೆಲಸ ಮುಗೀಬೇಕ್ರಿ," ಎಂದಿದ್ದಳು. ಆ ನಾಲ್ಕು ಡಬ್ಬಿಗೆ ಮೂರು ವರ್ಷ ಹಿಡಿದಿತ್ತು. ಅವಳ ಪ್ರಬಂಧ ಪೂರ್ತಿ ಅವುಗಳ ಮೇಲೆ ನಿಂತಿತ್ತು.

ಅವಳು ಹೇಳುತ್ತಿದ್ದದ್ದು ಇದು. ಫಿಲ್ಮಿನ ರೋಧ ಸಂಕ್ರಮಣದ ತಾಪಮಾನದಲ್ಲಿ ಒಮ್ಮೆಗೇ ಬೀಳುತ್ತದೆ ಎನ್ನುತ್ತೇವೆ. ಆದರೆ ಹತ್ತಿರದಿಂದ ನೋಡಿದರೆ ಅದಕ್ಕೂ ಮುಂಚೆಯೇ, ಒಂದೆರಡು ಡಿಗ್ರಿ ಮೇಲಿರುವಾಗಲೇ, ಗೆರೆ ಮೆಲ್ಲಗೆ ಬಾಗತೊಡಗುತ್ತದೆ. ಈ ಬಾಗಿಗೆ ನಾವು ಬಾಲ ಎನ್ನುತ್ತಿದ್ದೆವು. ಅತಿವಾಹಕದಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗಿ ಹರಿಯುತ್ತವೆ. ನೀಲಾಳ ವಾದ: ತಾಪಮಾನ ಇನ್ನೂ ಹೆಚ್ಚಿರುವಾಗಲೇ ಕೆಲವು ಎಲೆಕ್ಟ್ರಾನುಗಳು ಕ್ಷಣಮಾತ್ರ ಜೋಡಿ ಕಟ್ಟುತ್ತವೆ, ಶಾಖ ಅವನ್ನು ಒಡೆಯುತ್ತದೆ, ಮತ್ತೆ ಕಟ್ಟುತ್ತವೆ. ಆ ಅಲ್ಪಾಯುಷಿ ಜೋಡಿಗಳೇ ರೋಧವನ್ನು ತುಸು ಇಳಿಸುತ್ತವೆ.

ನನ್ನ ವಾದ: ಇದೆಲ್ಲ ಕೊಳೆ. ಫಿಲ್ಮು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಒಂದು ಮೂಲೆ ಮೊದಲು ಅತಿವಾಹಕವಾಗುತ್ತದೆ, ಇನ್ನೊಂದು ಆಮೇಲೆ. ಎಲ್ಲ ಸೇರಿ ಗೆರೆ ದುಂಡಗಾಗುತ್ತದೆ. ಅಲ್ಪಾಯುಷಿ ಜೋಡಿಗಳನ್ನು ಯಾರು ಕಂಡಿದ್ದಾರೆ?

"ಸಿದ್ಧಾಂತ ಹೇಳ್ತದಲ್ರಿ ಅಕ್ಕಾರ," ಎಂದಳು ನೀಲಾ.

"ಸಿದ್ಧಾಂತ ಹೇಳ್ತದ. ಪಂಚಾಂಗಾನೂ ಹೇಳ್ತದ."

ಅವಳಿಗೆ ಸಿಟ್ಟು ಬಂತು. ಬಂದದ್ದು ಒಳ್ಳೆಯದಾಯಿತು, ಸಿಟ್ಟಿನಲ್ಲಿ ಅವಳು ನನಗೆ ಸಿದ್ಧಾಂತವನ್ನು ಸರಿಯಾಗಿ ತಿಳಿಸಿಕೊಟ್ಟಳು. ಅಲ್ಲಿಯವರೆಗೆ ನಾನು ಅದನ್ನು ಓದಿದ್ದೆ, ಕೇಳಿಸಿಕೊಂಡಿರಲಿಲ್ಲ.

ಮೊದಲು ಚೌಕದ ಮಾತು. ತೆಳು ಫಿಲ್ಮಿನಲ್ಲಿ ರೋಧವನ್ನು ಚೌಕದ ಲೆಕ್ಕದಲ್ಲಿ ಹೇಳುತ್ತೇವೆ. ಒಂದೇ ಫಿಲ್ಮಿನಿಂದ ಅಂಚೆಚೀಟಿಯಷ್ಟು ಚೌಕ ಕತ್ತರಿಸಿ, ಅಂಗಳದಷ್ಟು ಚೌಕ ಕತ್ತರಿಸಿ. ಒಂದು ಅಂಚಿನಿಂದ ಎದುರಿನ ಅಂಚಿಗೆ ಎರಡರ ರೋಧವೂ ಒಂದೇ. ದಾರಿ ಉದ್ದವಾದಷ್ಟೂ ಅಗಲವೂ ಆಗುತ್ತದಲ್ಲ, ಅದಕ್ಕೆ. ಹೀಗಾಗಿ ಪಟ್ಟಿಯಂಥ ಫಿಲ್ಮಿನಲ್ಲಿ ಎಷ್ಟು ಚೌಕ ಸಾಲಾಗಿ ಕೂರುತ್ತವೆ ಎಂದು ಎಣಿಸಿ, ಒಟ್ಟು ರೋಧವನ್ನು ಅದರಿಂದ ಭಾಗಿಸಿದರೆ ಒಂದು ಚೌಕದ ರೋಧ ಸಿಗುತ್ತದೆ. ನಮ್ಮ ಎಲ್ಲ ಫಿಲ್ಮುಗಳೂ ಹತ್ತು ಚೌಕದವು.

ಇನ್ನು ಬಾಲ. ಬಾಲದಲ್ಲಿ ಕಾಣುವ ಹೆಚ್ಚುವರಿ ವಾಹಕತೆಯನ್ನು ಚೌಕದ ಲೆಕ್ಕದಲ್ಲಿ ಬೇರ್ಪಡಿಸಿ ತಲೆಕೆಳಗು ಮಾಡಿ ತಾಪಮಾನದ ಎದುರು ಬರೆದರೆ ನೇರ ಗೆರೆ ಬರಬೇಕು. ಪ್ರತಿ ಫಿಲ್ಮಿನ ತಾಪಮಾನವನ್ನು ಅದರದೇ ಸಂಕ್ರಮಣದ ತಾಪಮಾನದಿಂದ ಅಳೆದರೆ, ಎಲ್ಲ ಫಿಲ್ಮುಗಳ ಗೆರೆಗೂ ಒಂದೇ ಓರೆ ಇರಬೇಕು.

"ಒಂದೇ ಅಂದ್ರ? ಲೋಹ ಬ್ಯಾರೆ ಆದ್ರ?"

"ಒಂದೇ."

"ದಪ್ಪ ಬ್ಯಾರೆ ಆದ್ರ?"

"ಒಂದೇ ರೀ. ಸೂತ್ರದಾಗ ಲೋಹಕ್ಕ ಜಾಗಾನs ಇಲ್ಲ. ಎಲೆಕ್ಟ್ರಾನಿನ ವಿದ್ಯುದಂಶ ಅದ, ಕ್ವಾಂಟಮ್ ಸ್ಥಿರಾಂಕ ಅದ, ಹದಿನಾರು ಅಂತ ಒಂದು ಅಂಕಿ ಅದ. ಮುಗೀತು."

ಆ ಹದಿನಾರನ್ನು ನೋಡಿ ನನಗೆ ಒಂದು ಬಗೆಯ ಭಯವಾಯಿತು. ಮೂರು ದಶಕ ನಾನು ಫಿಲ್ಮುಗಳ ಸ್ವಭಾವಭೇದಗಳ ನಡುವೆ ಬದುಕಿದವಳು. ಮಳೆಗಾಲದ ಫಿಲ್ಮು ಬೇರೆ, ಬೇಸಿಗೆಯದು ಬೇರೆ. ಒಂದೇ ದಿನ ಒಂದೇ ಕೈ ಮಾಡಿದ ಎರಡು ಫಿಲ್ಮು ಬೇರೆ ಬೇರೆ. ಅವೆಲ್ಲವೂ ಯಾರೂ ಹೇಳಿಕೊಡದ ಒಂದೇ ಅಂಕಿಯನ್ನು ಒಳಗೆ ಇಟ್ಟುಕೊಂಡಿವೆ ಎಂದರೆ? ಆದರೆ ಭಯ ವಾದವಲ್ಲ. ನೀಲಾಳ ನಾಲ್ಕು ಫಿಲ್ಮನ್ನು ನಾನೇ ಅಳೆದೆ. ನಾಲ್ಕೂ ಗೆರೆ ಒಂದರ ಮೇಲೊಂದು ಕೂತವು.

"ಇದರ ಅರ್ಥ ನಿನ್ನ ಕೈ ಒಂದೇ ಸಮ ಅದ ಅಂತ," ಎಂದೆ. "ನಾಲ್ಕೂ ಫಿಲ್ಮಿನ್ಯಾಗ ಕೊಳಿ ಒಂದೇ ಅದ. ಅದಕ್ಕs ಬಾಲಾನೂ ಒಂದೇ."

ಈ ಆಕ್ಷೇಪಣೆ ದುರ್ಬಲವಲ್ಲ, ಈಗಲೂ ಹೇಳುತ್ತೇನೆ. ಕೊಳೆಯಿಂದಲೇ ಬಾಲ ಎಂದಾದರೆ, ಕೊಳೆ ಹೆಚ್ಚಾದಲ್ಲಿ ಗೆರೆಯ ಓರೆ ಬದಲಾಗಬೇಕು. ಬದಲಾದರೆ ಅವಳ ಮೂರು ವರ್ಷದ ಕೆಲಸ 'ಫಿಲ್ಮು ಹೇಗೆ ಕೆಡುತ್ತದೆ' ಎಂಬುದರ ವರದಿಯಾಗುತ್ತದೆ. ಪರೀಕ್ಷಿಸಲು ಬೇಕಾದದ್ದು ಒಂದು ಕೊಳಕು ಫಿಲ್ಮು. ನೀಲಾಳ ಕೈಗೆ ಅದು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು.

ಅವಳ ಅಪ್ಪ ಅಮ್ಮ ಊರಿಂದ ಬಂದರು. ಖಂಡೋಬಾ ಅವರ ಮನೆದೇವರು. ಅವರನ್ನು ಕರೆದುಕೊಂಡು ಅವಳು ಎರಡು ದಿನ ಜೇಜುರಿಗೆ ಹೋದಳು. ಆ ಮಂಗಳವಾರ ನಾನು ಫಿಲ್ಮು ಕೂರಿಸುವ ಯಂತ್ರದ ಮುಂದೆ ನಿಂತೆ. ಅದರ ಪೆಟ್ಟಿಗೆಯೊಳಗಿನ ಗಾಳಿಯನ್ನು ಇಡೀ ರಾತ್ರಿ ಹೀರಿ ತೆಗೆಯಬೇಕೆಂದು ನಿಯಮ. ನಾನು ಅರ್ಧ ಗಂಟೆ ಕೊಟ್ಟೆ. ತಳವನ್ನು ಮೂರು ಸಲ ತೊಳೆಯಬೇಕು. ಸೀರೆಯ ಸೆರಗಿನಿಂದ ಒರೆಸಿದೆ. ಹೌದು, ಸೆರಗಿನಿಂದ. ಫಿಲ್ಮಿಗೆ ಆಕಾರ ಕೊಡುವುದು ಕಿಂಡಿ ಕೊರೆದ ಒಂದು ತೆಳು ತಗಡು, ಮಾಸ್ಕು ಎನ್ನುತ್ತೇವೆ. ಡ್ರಾಯರಿನಲ್ಲಿ ಕೈಗೆ ಸಿಕ್ಕ ಮಾಸ್ಕು ಇಟ್ಟು ಕೆಲಸ ಮುಗಿಸಿದೆ. ಇಷ್ಟು ಖುಷಿಯಿಂದ ನಾನು ಯಾವ ಒಳ್ಳೆಯ ಫಿಲ್ಮನ್ನೂ ಮಾಡಿರಲಿಲ್ಲ.

ಮಾಡಿದವರು ಅಳೆಯಬಾರದಲ್ಲ? ನೀಲಾ ಅರಿಸಿನದ ಭಂಡಾರ ಹಣೆಗಿಟ್ಟುಕೊಂಡು, ಪ್ರಸಾದದ ಪೊಟ್ಟಣ ಹಿಡಿದು ಬಂದ ಕೂಡಲೇ ಐದು ಡಬ್ಬಿ ಮುಂದಿಟ್ಟೆ. ಯಾವುದು ತನ್ನದೆಂದು ಅವಳಿಗೂ ತಿಳಿಯದಂತೆ ಹೆಸರುಗಳನ್ನೆಲ್ಲ ಕಿತ್ತು, ಡಬ್ಬಿಗಳನ್ನು ಅದಲು ಬದಲು ಮಾಡಿದ್ದೆ.

"ಈ ಸಲ ನೀ ಅಳಿ. ನಾಲ್ಕು ನಿನ್ನವು. ಐದನೇದು ಯಾವುದು ಅಂತ ಕೇಳಬ್ಯಾಡ. ಓರೆ ಎಲ್ಲಾದಕ್ಕೂ ಒಂದೇ ಬಂತು ಅಂದ್ರ ನಾ ಸೋತೆ."

"ಒಂದಕ್ಕ ಬ್ಯಾರೆ ಬಂದ್ರ?"

"ನೀನs ಹೇಳು."

ಅವಳು ಡಬ್ಬಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. "ಚೌಕ ಎಷ್ಟ್ರಿ?"

"ಎಲ್ಲಾ ಹತ್ತು," ಎಂದೆ.

ಒಂದೂವರೆ ದಿನ ಅಳೆದಳು. ಮೂರನೆಯ ಡಬ್ಬಿಯದನ್ನು ಇಳಿಸಿದಾಗ ನನ್ನ ಕಡೆ ತಿರುಗಿ, "ಇದು ನಂದಲ್ರಿ. ನಾ ಇಷ್ಟು ಹೊಲಸು ಮಾಡೂದಿಲ್ಲ," ಎಂದಳು. ರೋಧ ಎಷ್ಟೋ ಪಟ್ಟು ಹೆಚ್ಚು, ಸಂಕ್ರಮಣದ ತಾಪಮಾನ ಬಹಳ ಕೆಳಗೆ, ದ್ರವ ಹೀಲಿಯಮ್ಮಿನ ತಾಪಮಾನಕ್ಕಿಂತ ಸ್ವಲ್ಪವೇ ಮೇಲೆ. ನಾನು ಮುಖ ಬೇರೆ ಕಡೆ ಮಾಡಿದೆ, ನಗು ತಡೆಯಬೇಕಿತ್ತು.

ಗುರುವಾರ ಮಧ್ಯಾಹ್ನ ಐದೂ ಗೆರೆಗಳನ್ನು ಪರದೆಯ ಮೇಲೆ ಹಾಕಿದಳು. ನಾಲ್ಕು ಒಂದರ ಮೇಲೊಂದು. ಐದನೆಯದು ದೂರ, ಬೇರೆಯೇ ಓರೆಯಲ್ಲಿ.

ನೀಲಾ ಭಾಗಾಕಾರವನ್ನು ಇನ್ನೊಮ್ಮೆ ನೋಡಿದಳು. ಕೋಲಿನ ತುದಿಯಿಂದ ಫಿಲ್ಮನ್ನು ಬಿಚ್ಚಿ, ಜತನದಿಂದ ಡಬ್ಬಿಯಲ್ಲಿಟ್ಟು, ಮುಚ್ಚಳ ಹಾಕಿದಳು. ತನ್ನನ್ನು ಸೋಲಿಸಿದ ವಸ್ತುವನ್ನು ಅಷ್ಟು ಜೋಪಾನವಾಗಿ ಇಟ್ಟವರನ್ನು ನಾನು ಬೇರೆ ಕಂಡಿಲ್ಲ. "ಶನಿವಾರ ನಾನs ಹೇಳ್ತೀನ್ರಿ. ನೀವು ವಾದಾ ಮಾಡೂದು ಬ್ಯಾಡ," ಎಂದು ಹೊರಗೆ ಹೋದಳು.

ಗೆದ್ದಿದ್ದೆ. ಧಾರವಾಡದಲ್ಲಿ ಗೆದ್ದಾಗ ಪಾರಿತೋಷಕದ ಢಾಲು ಕೊಡುತ್ತಿದ್ದರು. ಇಲ್ಲಿ ಚಹಾ ತಂದುಕೊಂಡು ಪರದೆಯನ್ನು ನೋಡುತ್ತ ಕೂತೆ. ನೋಡುತ್ತ ನೋಡುತ್ತ ಒಂದು ವಿಷಯ ಮುಳ್ಳಿನಂತೆ ಚುಚ್ಚಿತು. ಐದನೆಯ ಗೆರೆ ತಪ್ಪಾಗಿತ್ತು, ಸರಿ. ಆದರೆ ಅದು ನೇರವಾಗಿತ್ತು. ಕೊಳೆಯ ಗೆರೆ ಅಷ್ಟು ನೇರ ಯಾಕಿರಬೇಕು? ಓರೆಯನ್ನು ಅಳೆದೆ. ಉಳಿದವುಗಳ ಒಂದೂವರೆ ಪಟ್ಟು. ಸುಮಾರು ಒಂದೂವರೆ ಅಲ್ಲ, ಒಂದೂವರೆ. ಕೊಳೆಯನ್ನು ನಾನು ಬಲ್ಲೆ. ಅದು ಯಾವತ್ತೂ ಇಷ್ಟು ಅಚ್ಚುಕಟ್ಟಾಗಿ ತಪ್ಪುವುದಿಲ್ಲ. ಅಚ್ಚುಕಟ್ಟಾದ ತಪ್ಪು ಮನುಷ್ಯರದು.

ಬೇಕೆಂದೇ ಮುಂದೆ ಯೋಚಿಸಲಿಲ್ಲ. ಗೆದ್ದವರಿಗೆ ಸಂಶಯ ಬರುವುದು ನಿಧಾನ.

ಶುಕ್ರವಾರ ಮಧ್ಯಾಹ್ನ, ಬಳಸಿದ ಮಾಸ್ಕನ್ನು ತೊಳೆದಿಡುವುದು ಬಾಕಿ ಇತ್ತು. ತೊಳೆದು ಒರೆಸಿ ಡ್ರಾಯರಿನಲ್ಲಿ ಇಡಲು ಹೋದರೆ, ಅಲ್ಲಿ ಅದರ ಜಾಗದಲ್ಲಿ ಆಗಲೇ ಒಂದು ಮಾಸ್ಕು ಇತ್ತು. ಎರಡನ್ನೂ ಬೆಳಕಿಗೆ ಹಿಡಿದೆ. ನೀಲಾಳದರ ಕಿಂಡಿ ಗಿಡ್ಡ. ನನ್ನ ಕೈಯಲ್ಲಿದ್ದದ್ದು ಹಳೆಯ ಕಾಲದ್ದು. ಅಗಲ ಅಷ್ಟೇ, ಉದ್ದ ಹೆಚ್ಚು. ಸ್ಕೇಲು ಇಟ್ಟು ಚೌಕ ಎಣಿಸಿದೆ. ಹದಿನೈದು.

ನೀಲಾ ಕೇಳಿದ್ದಳು, ಚೌಕ ಎಷ್ಟ್ರಿ ಎಂದು. ನಾನು ನೋಡದೆ ಹತ್ತು ಎಂದಿದ್ದೆ. ಹದಿನೈದರಿಂದ ಭಾಗಿಸಬೇಕಾದದ್ದನ್ನು ಅವಳು ಹತ್ತರಿಂದ ಭಾಗಿಸಿದ್ದಳು. ಒಂದೂವರೆ ಪಟ್ಟು.

ಮನಸ್ಸಿನಲ್ಲೇ ಭಾಗಿಸಿದೆ. ದೂರ ನಿಂತಿದ್ದ ಐದನೆಯ ಗೆರೆ ಸರಿದು ಬಂದು ನಾಲ್ಕರ ಮೇಲೆ ಕೂತಿತು. ಅರ್ಧ ಗಂಟೆಯ ನಿರ್ವಾತ, ಸೆರಗಿನ ಧೂಳು, ಒಳಗೆ ಸೇರಿದ ಗಾಳಿ, ನನ್ನ ಕುಚೋದ್ಯ, ಇಷ್ಟೆಲ್ಲವನ್ನೂ ನುಂಗಿಕೊಂಡು ಆ ದರಿದ್ರ ಫಿಲ್ಮು ಅದೇ ಅಂಕಿಯನ್ನು ಹೇಳುತ್ತಿತ್ತು. ಆ ಹದಿನಾರು. ನಿಂತಲ್ಲೇ ಸ್ಟೂಲಿನ ಮೇಲೆ ಕೂತೆ. ಮೊದಲ ದಿನ ಸೂಜಿ ಸೊನ್ನೆಯಾದಾಗ ಹೇಗಾಗಿತ್ತೋ ಹಾಗೆ. ಅಲ್ಲ, ಅದಕ್ಕಿಂತ ಹೆಚ್ಚು. ಅಂದು ಪ್ರಕೃತಿ ನನಗೆ ತೋರಿಸಿತ್ತು. ಇಂದು ನಾನು ಅದನ್ನು ಕೆಡಿಸಲು ಕೈಲಾದಷ್ಟು ಪ್ರಯತ್ನಿಸಿದ್ದೆ, ಅದು ಕೆಟ್ಟಿರಲಿಲ್ಲ.

ಈಗ ಹೇಳುವುದನ್ನು ಕಿರಿಯರು ಗಮನಿಸಿ ಓದಬೇಕು. ನಾನು ಎದ್ದುಹೋಗಿ ನೀಲಾಳಿಗೆ ಹೇಳಲಿಲ್ಲ. ಎರಡು ಮಾಸ್ಕುಗಳಿರುವುದು ಬೇರೆ ಯಾರಿಗೂ ನೆನಪಿರಲಿಲ್ಲ. ಡಬ್ಬಿಯೊಳಗಿನ ಫಿಲ್ಮಿನ ಚೌಕವನ್ನು ಮತ್ತೆ ಎಣಿಸುವವರು ಯಾರೂ ಇರಲಿಲ್ಲ. ಅಷ್ಟು ವರ್ಷ ಆ ಕುರ್ಚಿಯಲ್ಲಿ ಕೂತು ಬೇರೆಯವರ ತಪ್ಪು ಎತ್ತಿದವಳು ನಾನು; ನನ್ನ ತಪ್ಪನ್ನು ನಾನೇ ಹೇಗೆ ಎತ್ತಲಿ ಎಂದು ಸಂಜೆಯವರೆಗೆ ಒಳಗೇ ವಾದ ಮಾಡಿದೆ. ಬಾಲ ನಿಜವಿರಬಹುದು, ಆದರೆ ಒಂದೇ ಕೊಳಕು ಫಿಲ್ಮು ಸಾಲದು, ಇನ್ನೂ ನಾಲ್ಕು ಮಾಡಿ ಆಮೇಲೆ ಹೇಳೋಣ; ಹೀಗೆ ಒಂದಕ್ಕಿಂತ ಒಂದು ಚೆನ್ನಾದ ವಾದಗಳು ಬಂದವು. ವಾದ ಕಲಿತವರ ದೊಡ್ಡ ಅಪಾಯ ಇದು. ಎಂಥ ಹೇಡಿತನಕ್ಕೂ ನಮ್ಮ ಹತ್ತಿರ ಮೂರು ಒಳ್ಳೆಯ ಕಾರಣ ಇರುತ್ತವೆ. ಚೌಕ ಎಣಿಸದೆ ಹೇಳಿದ್ದು ನನ್ನ ದೊಡ್ಡ ತಪ್ಪಲ್ಲ. ಶುಕ್ರವಾರ ಮಧ್ಯಾಹ್ನ ಗೊತ್ತಾದದ್ದನ್ನು ಶನಿವಾರ ಹತ್ತು ಗಂಟೆಯವರೆಗೆ ಹೇಳದೆ ಇದ್ದದ್ದು.

ಶನಿವಾರ ನೀಲಾ ಎದ್ದು ನಿಂತಳು. ಕಣ್ಣು ಊದಿದ್ದವು. ಐದು ಗೆರೆಗಳನ್ನು ತೋರಿಸಿ, "ನನ್ನ ವಾದ ನಿಲ್ಲೂದಿಲ್ಲ ಅಂತ ಕಾಣಸ್ತದ," ಎಂದು ಶುರು ಮಾಡಿದಳು. ಇನಾಮದಾರ ಸರ್ ನಿವೃತ್ತರಾಗಿ ಬಹಳ ವರ್ಷಗಳಾಗಿದ್ದರೂ ಶನಿವಾರ ತಪ್ಪಿಸುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಊರುಗೋಲಿನ ಮೇಲೆ ಗದ್ದ ಇಟ್ಟು ಕೂತಿದ್ದರು.

ನಾನು ಕೈ ಎತ್ತಿದೆ.

"ಈಕಿ ಒಪ್ಪಿಕೊಂಡ ಮ್ಯಾಲೂ ನಿಂದೇನವಾ ಆಕ್ಷೇಪಣೆ?" ಎಂದರು ಸರ್.

"ಆಕ್ಷೇಪಣೆ ನನ್ನ ಮ್ಯಾಲೆ ರೀ," ಎಂದೆ. ಎರಡೂ ಮಾಸ್ಕುಗಳನ್ನು ಮೇಜಿನ ಮೇಲೆ ಇಟ್ಟು, ಸೆರಗಿನ ಸಮೇತ ಎಲ್ಲವನ್ನೂ ಹೇಳಿದೆ. ಶುಕ್ರವಾರವನ್ನೂ ಹೇಳಿದೆ. ನೀಲಾ ಕಂಪ್ಯೂಟರಿನಲ್ಲಿ ಹತ್ತನ್ನು ಅಳಿಸಿ ಹದಿನೈದು ಎಂದು ಬರೆದಳು. ಗೋಡೆಯ ಮೇಲಿನ ಗೆರೆ ಸರಿಯಿತು. ಐದೂ ಒಂದಾದವು. ಹಿಂದಿನ ಸಾಲಿನಲ್ಲಿ ಯಾರೋ "ಅಯ್ಯಯ್ಯೋ" ಎಂದರು, ದೇವರ ಮುಂದೆ ಅನ್ನುವ ಹಾಗೆ.

ಸರ್ ಎದ್ದು ಗೋಡೆಯ ಹತ್ತಿರ ಹೋಗಿ, ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಕರೆಂಟ್ ಎಷ್ಟಿತ್ತು?" ಎಂದು ನೀಲಾಳನ್ನು ಕೇಳಿದರು. ಅವಳು ಹೇಳಿದಳು. ತಲೆಯಾಡಿಸಿ, ರಜಿಸ್ಟರನ್ನು ನನ್ನ ಮುಂದೆ ಇಟ್ಟರು. ನಾನು ಬರೆದೆ: ಆಕ್ಷೇಪಣೆ ಇಲ್ಲ. ಐದನೆಯ ಫಿಲ್ಮನ್ನು ಮಾಡಿದವರು ಎಂಬಲ್ಲಿ ನನ್ನ ಹೆಸರು ಬರೆದೆ.

ಹೊರಗೆ ಬಂದ ಮೇಲೆ ನೀಲಾ ನನ್ನ ಕೈ ಹಿಡಿದು ನಿಲ್ಲಿಸಿದಳು. "ಎರಡು ದಿವಸ ನಾ ಉಂಡಿಲ್ರಿ ಅಕ್ಕಾರ."

"ಗೊತ್ತದ."

"ಗೊತ್ತಿದ್ದೂ ಸುಮ್ನ ಇದ್ರಿ."

"ಹೌದು."

ಅವಳು ಹಿಡಿದಿದ್ದ ಕೈ ಬಿಟ್ಟಳು. "ನಡೀರಿ, ಡಬ್ಬಿ ಬಿಚ್ಚೂಣು. ನಿಮ್ಮ ಕೊಳಕು ಫಿಲ್ಮಿಗೆ ಹೆಸರು ಬ್ಯಾಡೇನು? ಪುಟಾಣಿ ಅಂತ ಇಡತೀನಿ. ಅವ್ವನ ಚಟ್ನಿಪುಡಿಯೊಳಗ ಅದೊಂದು ಉಳದಿತ್ತು."

ಈಗ ನಮ್ಮಲ್ಲಿ ದ್ರವ ಹೀಲಿಯಮ್ಮಿಗೆ ಕೋಲು ಇಳಿಸುವವರಿಲ್ಲ. ಯಂತ್ರವೇ ತಣ್ಣಗಾಗುತ್ತದೆ, ತಾನೇ ಅಳೆಯುತ್ತದೆ, ನೀವು ಮನೆಯಲ್ಲಿ ಕೂತು ಮೊಬೈಲಿನಲ್ಲಿ ಗೆರೆ ನೋಡಬಹುದು. ಒಳ್ಳೆಯದೇ, ಕೋಲು ಎತ್ತಿ ಇಳಿಸಿ ನನ್ನ ಹೆಗಲು ಹೋಗಿದೆ. ಆದರೆ ಆ ಯಂತ್ರದಲ್ಲಿ ಗೆರೆಯನ್ನು ನಯ ಮಾಡುವ ಒಂದು ಗುಂಡಿ ಇದೆ. ಒತ್ತಿದರೆ ಬಾಲವನ್ನೂ ನಡುಕವನ್ನೂ ಒಟ್ಟಿಗೆ ಸವರಿಬಿಡುತ್ತದೆ. ಅದನ್ನು ಒತ್ತುವ ಮುಂಚೆ ಎದ್ದುಹೋಗಿ ನಿಮ್ಮ ಫಿಲ್ಮನ್ನು ಕಣ್ಣಿಂದ ನೋಡಿ, ಚೌಕ ಎಣಿಸಿ. ಇದು ಉಪದೇಶವಲ್ಲ. ಎಣಿಸದೆ ಹೇಳಿದವಳ ಸಾಕ್ಷ್ಯ.

ನೀಲಾಳ ಮೌಖಿಕ ಪರೀಕ್ಷೆಯ ದಿನ ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತಿದ್ದೆ. ಹೊರಗಿನಿಂದ ಬಂದ ಪರೀಕ್ಷಕರು ಎಲ್ಲ ಪ್ರಶ್ನೆಗಳೂ ಮುಗಿದ ಮೇಲೆ ಸುಮ್ಮನೆ ಎಂಬಂತೆ ಕೇಳಿದರು: "ಈ ಐದು ಫಿಲ್ಮುಗಳಲ್ಲಿ ನಿಮಗೆ ಹೆಚ್ಚು ನಂಬಿಕೆ ಇರುವುದು ಯಾವುದರ ಮೇಲೆ?"

"ಪುಟಾಣಿ," ಎಂದಳು ನೀಲಾ.

"ಅದು ಐದರಲ್ಲಿ ಅತ್ಯಂತ ಕೆಟ್ಟದ್ದಲ್ಲವೇ?"

"ಹೌದು ಸರ್. ಉಳಿದ ನಾಲ್ಕನ್ನು ನಾನು ಗೆಲ್ಲಬೇಕೆಂದು ಮಾಡಿದ್ದೆ. ಅದೊಂದನ್ನು ನಾನು ಸೋಲಬೇಕೆಂದು ಮಾಡಿದ್ದರು."

ಸಭಾಂಗಣದಲ್ಲಿ ನಗು ಎದ್ದಿತು. ಆ ಗದ್ದಲದಲ್ಲಿ ನನ್ನ ಕೈ ತಾನಾಗಿ ಮೇಲೆದ್ದಿದೆ ಎಂದು ನನಗೆ ಗೊತ್ತಾದದ್ದು ಎಲ್ಲರೂ ಹಿಂದೆ ತಿರುಗಿ ನೋಡಿದಾಗ. ರೂಢಿ. ನೀಲಾಳ ಮುಖ ಬಿಳಿಚಿಕೊಂಡಿತು. ಪರೀಕ್ಷಕರು ಕನ್ನಡಕ ಸರಿಪಡಿಸಿಕೊಂಡು, "ಏನಾದರೂ ಆಕ್ಷೇಪಣೆ ಇದೆಯೇ?" ಎಂದರು.

"ಇಲ್ಲ ಸರ್," ಎಂದು ಎದ್ದು ನಿಂತೆ. "ಆ ಫಿಲ್ಮಿಗೆ ಹದಿನೈದು ಚೌಕ. ಅಷ್ಟು ಬರೆದುಕೊಳ್ಳಿ."